ತೊಳೆದ ಕಾಸುಗಳ ಡಬ್ಬಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದೆಲ್ಲ ಅದರ ಪ್ರತಾಪವೇ. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ಬರೆದು ನಿವೃತ್ತನಾದವನು ನಾನು. ಬನಶಂಕರಿ ಎರಡನೇ ಹಂತದಲ್ಲಿ ಮನೆ. ಮಕ್ಕಳಿಲ್ಲ. ಹೆಂಡತಿ ಹೋಗಿ ಒಂದೂವರೆ ವರ್ಷವಾಯಿತು. ಹಳೆಯ ನಾಣ್ಯ ಕೊಳ್ಳುವ ಚಟವೊಂದು ಉಳಿದಿದೆ.

ಕೊಳ್ಳುವುದು ಜಯನಗರ ನಾಲ್ಕನೇ ಬ್ಲಾಕಿನ ಒಂದೇ ಅಂಗಡಿಯಲ್ಲಿ. ಕೆಳಗೆ ಬ್ಲೌಸ್ ಪೀಸಿನ ಮ್ಯಾಚಿಂಗ್ ಸೆಂಟರ್, ಕಡಿದಾದ ಮೆಟ್ಟಿಲು ಹತ್ತಿದರೆ ಈ ಅಂಗಡಿಯ ಯಜಮಾನರು. ಅಪ್ಪನ ಕಾಲದಿಂದ ಬಂದ ವ್ಯಾಪಾರ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಪ್ರತಿ ನಾಣ್ಯವನ್ನೂ ಪುಟ್ಟ ಕಾಗದದ ಕವರಿನಲ್ಲಿ ಹಾಕಿ, ಯಾವ ಅರಸರದು, ಎಷ್ಟು ತೂಕ, ಏನು ಊನ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯುತ್ತಾರೆ. ಯಾರಾದರೂ ಆಸೆಯಿಂದ "ಇದು ತುಂಬಾ ಅಪರೂಪದ್ದಲ್ವಾ ಸಾರ್?" ಎಂದರೆ, "ಏನಿಲ್ಲ ಸಾರ್, ಬೇಕಾದಷ್ಟಿದೆ" ಎಂದು ತಮ್ಮ ವ್ಯಾಪಾರಕ್ಕೆ ತಾವೇ ಕಲ್ಲು ಹಾಕಿಕೊಳ್ಳುವ ಮನುಷ್ಯ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅದಕ್ಕೇ.

ಮೊದಲ ದಿನವೇ ಅವರು ಹೇಳಿಕೊಟ್ಟ ಪಾಠ ಒಂದು: ತೊಳೆಯಬಾರದು. ನೆಲದೊಳಗೆ ಅಷ್ಟು ಕಾಲ ಮಲಗಿದ್ದ ತಾಮ್ರದ ಮೇಲೆ ಹಸಿರು, ಕಂದು ಬಣ್ಣದ ಒಂದು ಪದರ ಕಟ್ಟಿರುತ್ತದೆ. ಅದಿದ್ದರೇ ಬೆಲೆ. "ಅದು ಕೊಳೆ ಅಲ್ಲ ಸಾರ್, ಅದರ ಚರ್ಮ. ತೊಳೆದ್ರೆ ಚರ್ಮ ಸುಲಿದಂಗೆ" ಎಂದಿದ್ದರು. ಹಾಗೆ ಸುಲಿಸಿಕೊಂಡು ಬಂದ ನಾಣ್ಯಗಳನ್ನು ಕವರಿಗೂ ಹಾಕದೆ, ಬಿಸ್ಕತ್ತಿನ ಹಳೇ ಡಬ್ಬಿಯೊಂದರಲ್ಲಿ ರಾಶಿ ಸುರಿದಿರುತ್ತಿದ್ದರು. ಹೊಸದಾಗಿ ಚಟ ಹತ್ತಿಸಿಕೊಂಡವರು ಆ ಡಬ್ಬಿ ಕೆದಕಿ ಒಂದೆರಡು ಒಯ್ಯುತ್ತಿದ್ದರು.

ನನ್ನ ಹತ್ತಿರ ಶಾತವಾಹನರ ಕಾಲದ ತಾಮ್ರದ ಕಾಸೊಂದಿತ್ತು. ಒಂದು ಕಡೆ ಸೊಂಡಿಲೆತ್ತಿದ ಆನೆ, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು. ಮೈತುಂಬ ಹಸಿರು. ನನ್ನ ಬೀರುವಿನಲ್ಲಿದ್ದ ಎಲ್ಲಕ್ಕಿಂತ ಹಳೆಯದು ಅದೇ ಎಂದು ಹೆಂಡತಿಗೆ ನೂರು ಸಲ ಹೇಳಿ ಜಂಭ ಕೊಚ್ಚಿದ್ದೆ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಳು ಎನ್ನುವುದು ನನಗೆ ವರಮಹಾಲಕ್ಷ್ಮಿ ಹಬ್ಬದ ದಿನ ಗೊತ್ತಾಯಿತು.

ಹಬ್ಬದ ದಿನ ಕಳಶದ ಮುಂದೆ ತಟ್ಟೆಯಲ್ಲಿ ದುಡ್ಡು, ಒಡವೆ ಇಡುವುದು ಎಲ್ಲರ ಮನೆಯ ಪದ್ಧತಿ. ಮನೆಯಲ್ಲಿರುವ ಅತಿ ಹಳೆಯ ಲಕ್ಷ್ಮಿ ಇದೇ ಅಲ್ಲವೇ ಎಂದು ಅವಳು ನನ್ನ ಆನೆಯನ್ನೂ ಬೀರುವಿನಿಂದ ತೆಗೆದಿದ್ದಾಳೆ. ಪೂಜೆಗೆ ಇಡುವ ತಾಮ್ರವನ್ನು ಯಾವ ಗೃಹಿಣಿಯಾದರೂ ಹಾಗೇ ಇಡುತ್ತಾಳೆಯೇ? ಪಂಚಪಾತ್ರೆ, ಉದ್ಧರಣೆಗಳ ಜೊತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತೊಳೆದಿದ್ದಾಳೆ. ನಾನು ಸ್ನಾನ ಮಾಡಿ ಬಂದು ನೋಡಿದರೆ ಬಳೆ, ಸರದ ನಡುವೆ ಏನೋ ಕೆಂಪಗೆ ಥಳಥಳ ಅನ್ನುತ್ತಿತ್ತು.

ಅರಿಶಿನ ಕುಂಕುಮಕ್ಕೆ ಬಂದಿದ್ದ ಅಕ್ಕಪಕ್ಕದ ಮನೆಯ ಹೆಂಗಸರು ಹಾಲಿನಲ್ಲೇ ಕೂತಿದ್ದರು. ನನಗೆ ಅದೆಲ್ಲ ಎಲ್ಲಿ ಕಾಣಬೇಕು?

"ನಿಂಗೇನು ತಲೆ ಕೆಟ್ಟಿದ್ಯಾ? ಎರಡು ಸಾವಿರ ವರ್ಷದ್ದನ್ನ ಪಾತ್ರೆ ಥರ ಉಜ್ಜಿದೀಯಲ್ಲ! ಓದಿದವಳು ಅಂತ ಬೇರೆ ಹೇಳ್ಕೋತೀಯ!"

"ತಾಮ್ರ ಅಲ್ವಾ, ದೇವರ ಮುಂದೆ ಇಡೋದು ಅಂತ ತೊಳೆದೆ ಕಣ್ರೀ" ಎಂದಳು, ಮೆಲ್ಲಗೆ.

ನಾನು ತಟ್ಟೆಯಿಂದ ಆ ಕಾಸನ್ನು ಕಿತ್ತುಕೊಂಡೆ. ಹಬ್ಬದ ದಿನ, ಐದು ಜನ ಮುತ್ತೈದೆಯರ ಎದುರಿಗೆ, ಲಕ್ಷ್ಮಿಯ ಮುಂದಿನಿಂದ! ಒಬ್ಬರು ತಾಂಬೂಲವನ್ನೂ ಮರೆತು ಎದ್ದು ಹೋದರು. ಮರುದಿನ ಶನಿವಾರ. ಅಂಗಡಿಗೆ ಹೋಗಿ ಕಾಸನ್ನು ಮೇಜಿನ ಮೇಲೆ ಒಗೆದು, "ನಿಮ್ಮ ಡಬ್ಬಿಗೆ ಹಾಕ್ಕೊಳಿ, ನನ್ನ ಕಣ್ಣಿಗೆ ಬೀಳೋದು ಬೇಡ" ಎಂದು ಬಂದೆ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುತ್ತದೆಯೇ? ಅವಳೇನೂ ಜಗಳ ಕಾಯಲಿಲ್ಲ. ಎಂದಿನಂತೆ ಹುಳಿ ಮಾಡಿದಳು, ಎಂದಿನಂತೆ ಮಾತಾಡಿದಳು. ಆದರೆ ಆಮೇಲಿನ ನಾಲ್ಕು ವರ್ಷ ನನ್ನ ಬೀರುವನ್ನು ಮಾತ್ರ ಮುಟ್ಟಲಿಲ್ಲ. ಮನೆಯೆಲ್ಲ ಒರೆಸಿ ಅದೊಂದನ್ನು ಬಿಡುತ್ತಿದ್ದಳು. ಹೊಸ ನಾಣ್ಯ ತಂದು ತೋರಿಸಿದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರದಿಂದಲೇ ನೋಡುತ್ತಿದ್ದಳು. ನಾನು ಅದನ್ನು ಕಂಡೂ ಕಾಣದವನಂತೆ ಇದ್ದೆ. ಕ್ಷಮೆ ಕೇಳುವುದು ನಮ್ಮ ವಂಶದಲ್ಲೇ ಇಲ್ಲ.

ಅವಳು ಹೋದ ಮೇಲೆ ಸೀರೆಗಳನ್ನು ಅವಳ ತಂಗಿ ತೆಗೆದುಕೊಂಡು ಹೋದಳು. ನನಗೆ ಉಳಿದದ್ದು ಪಕ್ಕದ ಮನೆಯ ಕುಕ್ಕರಿನ ಸೀಟಿ, ಸದ್ದಿಗಾಗಿ ಹಚ್ಚಿಟ್ಟ ಟಿವಿ, ಗಂಟು ಗಂಟಾದ ಉಪ್ಪಿಟ್ಟು. ಕೆಲವು ದಿನ ಸಂಜೆಯ ಹೊತ್ತಿಗೆ, ಬೆಳಗಿನಿಂದ ಒಂದು ಮಾತೂ ಆಡಿಲ್ಲವಲ್ಲ ಎಂದು ಹೊಳೆದು, ಗಂಟಲು ಸರಿಯಾಗಿದೆಯೇ ಎಂದು ಸುಮ್ಮನೆ ಕೆಮ್ಮಿ ನೋಡಿಕೊಳ್ಳುತ್ತಿದ್ದೆ. ಹಾಗಿರುವಾಗ ಒಂದು ದಿನ ಬೀರು ತೆಗೆದು ಕೂತಿದ್ದೆ. ನೂರಾರು ನಾಣ್ಯ. ಯಾವ ರಾಜನ ಕಾಲದಲ್ಲಿ ಯಾರು ಯಾರು ಮುಟ್ಟಿದ್ದರೋ, ಅವಳು ಕೈಯಾರೆ ಮುಟ್ಟಿದ್ದು ಇದರಲ್ಲಿ ಒಂದೂ ಇಲ್ಲ. ಮುಟ್ಟಿದ್ದ ಒಂದನ್ನು ನಾನೇ ಒಗೆದು ಬಂದಿದ್ದೆ. ಅಯ್ಯೋ ಮೂರ್ಖ, ಎಂದು ಜೋರಾಗಿಯೇ ಅಂದುಕೊಂಡೆ. ನನಗೆ ಅದು ವಾಪಸ್ ಬೇಕಿತ್ತು.

ಅಂಗಡಿಯವರಿಗೆ ಕಾರಣ ಹೇಳಲಿಲ್ಲ. "ಅವತ್ತು ಕೊಟ್ಟಿದ್ದೆನಲ್ಲ, ಆ ಆನೆ ಕಾಸು ಬೇಕಿತ್ತು" ಎಂದೆ ಅಷ್ಟೆ. ಅವರು ನನ್ನ ಮುಖ ನೋಡಿ, "ನೋಡಿ ಸಾರ್" ಎಂದು ಡಬ್ಬಿ ಮುಂದಿಟ್ಟರು. ಕಷ್ಟವೇನೆಂದರೆ, ತೊಳೆದ ತಾಮ್ರ ತೊಳೆದ ಹಾಗೇ ಉಳಿಯುವುದಿಲ್ಲ. ವರ್ಷ ಕಳೆದರೆ ಮತ್ತೆ ಮಂಕಾಗುತ್ತದೆ. ಡಬ್ಬಿಯಲ್ಲಿ ಎಲ್ಲವೂ ಒಂದೇ ಬಣ್ಣ. ನಾನು ಅಂಚಿನ ಕಚ್ಚು ಹುಡುಕುತ್ತ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದೆ. ಅವರು ಕೆಳಗಿನಿಂದ ಎರಡು ಕಾಫಿ ತರಿಸುತ್ತಿದ್ದರು. ಅರ್ಧ ಡಬ್ಬಿ ಈ ವಾರ, ಅರ್ಧ ಮುಂದಿನ ವಾರ. ಮುಗಿದ ಮೇಲೆ, ಸರಿಯಾಗಿ ನೋಡಲಿಲ್ಲವೇನೋ ಎಂದು ಮತ್ತೆ ಮೊದಲಿನಿಂದ. ಹೀಗೇ ಮಳೆಗಾಲ ಕಳೆದು ಚಳಿ ಬಂತು. ನಡುವೆ ಮರ್ಯಾದೆಗೆಂದು ಒಂದೆರಡು ನಾಣ್ಯ ಕೊಂಡೆ. ಮನೆಗೆ ತಂದು ನೋಡಲೂ ಇಲ್ಲ.

ಹೋದ ತಿಂಗಳು ಒಂದು ಕಾಸು ಸಿಕ್ಕಿತು. ಆನೆಯಿತ್ತು, ಅಂಚೂ ಸ್ವಲ್ಪ ಸವೆದಿತ್ತು. ಅದಲ್ಲ ಎಂದು ನನಗೇ ಗೊತ್ತಿತ್ತು. ಆದರೂ ಅವರ ಕೈಗೆ ಕೊಟ್ಟು, "ಇದೇ ಅಲ್ವಾ?" ಎಂದೆ. ಅವರು ಭೂತಗನ್ನಡಿ ಹಿಡಿದು ನೋಡಿ ತಲೆಯಲ್ಲಾಡಿಸಿದರು.

"ಇದೇ ಅಂತ ಹೇಳ್ಬಿಡಿ. ನಿಮಗೇನು ಕಷ್ಟ?" ಎಂದು ರೇಗಿದೆ. ರೇಗುತ್ತಲೇ ಅಳು ಬಂತು. ಹಬ್ಬ, ತಟ್ಟೆ, ಅವಳು ಹೋದದ್ದು, ಎಲ್ಲ ಒದರಿಬಿಟ್ಟೆ.

ಅವರು ಕೈಯಲ್ಲಿದ್ದ ಕಾಸನ್ನು ಡಬ್ಬಿಗೆ ಹಾಕಿದರು. ಆಮೇಲೆ ಡಬ್ಬಿ ಮುಚ್ಚಿದರು. "ತಪ್ಪು ನಂದು ಸಾರ್. ಆ ಕಾಸು ಈ ಡಬ್ಬೀಲಿಲ್ಲ. ನೀವು ಕೊಟ್ಟ ವಾರವೇ ಹೋಯ್ತು. ಯಾರೋ ಹೊಸಬರು, ಕೈಗೆ ತಗೊಂಡವರು ಕೆಳಗೇ ಇಡ್ಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಮೊದಲನೇ ದಿನ ಹೇಳೋಣ ಅಂತಿದ್ದೆ. ಡಬ್ಬಿ ಹಿಡ್ಕೊಂಡು ಕೂತ್ಬಿಟ್ರಿ, ಬಾಯಿ ಬರ್ಲಿಲ್ಲ. ಆಮೇಲೆ ಹೇಳಿದ್ರೆ ನೀವು ಬರೋದೇ ನಿಲ್ಲಿಸ್ತೀರಿ ಅನ್ನಿಸ್ತು. ಇಲ್ಲಿಗೂ ಈಗ ಯಾರು ಬರ್ತಾರೆ ಸಾರ್? ಎಲ್ಲ ಫೋನಲ್ಲೇ ತರಿಸ್ಕೋತಾರೆ."

ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಹೇಗಿತ್ತು ಅದು?"

"ಸಾಮಾನ್ಯವಾಗಿ ಗಸಗಸ ಉಜ್ಜಿ ಗೀರು ಬೀಳ್ಸಿರ್ತಾರೆ. ಅದರಲ್ಲಿ ಒಂದೂ ಗೀರಿರ್ಲಿಲ್ಲ. ಆನೆ ಸೊಂಡಿಲ ಸಂದೀಲಿ, ಕಾಲಿನ ಸಂದೀಲಿ, ಕಡ್ಡಿಗೆ ಹತ್ತಿ ಸುತ್ತಿ ತೆಗೆದಿದ್ರು ಅನ್ಸತ್ತೆ. ಎಷ್ಟು ಹೊತ್ತು ಕೂತಿದ್ರೋ ಏನೋ, ಪುಣ್ಯಾತ್ಗಿತ್ತಿ. ತೊಳೆದ ಕಾಸನ್ನ ನಾನು ಯಾವತ್ತೂ ಹೊಗಳೋನಲ್ಲ, ನಿಮಗೆ ಗೊತ್ತು. ಅದು ಚೆನ್ನಾಗಿತ್ತು ಸಾರ್."

ಈ ಮನುಷ್ಯ ನಾಣ್ಯದ ವಿಷಯದಲ್ಲಿ ಬಾಯಿಬಿಟ್ಟು ಸುಳ್ಳು ಹೇಳುವವರಲ್ಲ. ನಾನು ತಲೆ ತಗ್ಗಿಸಿ ಕೂತೆ. ತಟ್ಟೆಯಿಂದ ಕಿತ್ತುಕೊಂಡ ಗಳಿಗೆಯಿಂದ ಈ ಮೇಜಿನ ಮೇಲೆ ಒಗೆಯುವವರೆಗೆ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ.