ಆಪರೇಷನ್ನಿನ ರೇಟು ಕೇಳಲು ಬೀದರಕ್ಕೆ ಹೋದದ್ದು

ನಾನು ಬೀದರಕ್ಕೆ ಹೋದದ್ದು ರೋಗ ತಿಳಿದುಕೊಳ್ಳಲಿಕ್ಕಲ್ಲ, ರೇಟು ತಿಳಿದುಕೊಳ್ಳಲಿಕ್ಕೆ. ಭಾಲ್ಕಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಗರ್ಭಕೋಶ ತೆಗೆಯುವುದೆಂದು ತೀರ್ಮಾನವಾಗಿತ್ತು, ದಿನವೂ ಗೊತ್ತಾಗಿತ್ತು. ಅವರು ಹೇಳಿದ ಖರ್ಚು ಮಾತ್ರ ನನಗೆ ಹೆಚ್ಚೆನಿಸಿತು. ಸೀರೆಯಾಗಲಿ, ಸಿಮೆಂಟಾಗಲಿ, ಇನ್ನೊಂದು ಅಂಗಡಿಯ ರೇಟು ಗೊತ್ತಿಲ್ಲದೆ ನಾನು ಮಾತಿಗೆ ಕೂಡುವವಳಲ್ಲ. ಬೀದರದ ರೇಟು ಕೇಳಿಕೊಂಡು ಬಂದು ಭಾಲ್ಕಿಯವರನ್ನು ಸ್ವಲ್ಪ ಇಳಿಸಬೇಕು ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಆ ಲೆಕ್ಕ ಬುಡಮೇಲಾದದ್ದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಭಾಲ್ಕಿ ಬಜಾರಿನಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ ಇದೆ. ಯಾರೂ ಕಟ್ಟಿಕೊಟ್ಟದ್ದಲ್ಲ. ಅಂಗಡಿ ಆಗುವ ಮುಂಚೆ ಸೀರೆಯ ಗಂಟನ್ನು ಸೊಂಟದ ಮೇಲಿಟ್ಟುಕೊಂಡು ಖಟಕ ಚಿಂಚೋಳಿಯ ಓಣಿ ಓಣಿ ತಿರುಗಿದ್ದೇನೆ. ಈಗಲೂ ಸಂತೆಯ ದಿನ ಗಂಟು ಕಟ್ಟಿಕೊಂಡು ಔರಾದದ ಬಸ್ಸು ಹತ್ತುತ್ತೇನೆ. ಅಂಗಡಿಗೆ ಬರುವ ಗಿರಾಕಿ ಬೇಕಾದದ್ದನ್ನು ಮಾತ್ರ ತಗೊಳ್ಳುತ್ತಾಳೆ, ಸಂತೆಯಲ್ಲಿ ಸಿಕ್ಕವಳು ಬೇಡವೆನ್ನುತ್ತಲೇ ಎರಡು ತಗೊಳ್ಳುತ್ತಾಳೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರು ಇದನ್ನು ನೆನಪಿಡಿ.

ನೋವು ಮೊದಲು ಕಾಣಿಸಿಕೊಂಡದ್ದು ಔರಾದದಲ್ಲೇ. ಗಿರಾಕಿಯ ಮುಂದೆ ಸೀರೆ ಹರವುತ್ತಿದ್ದಾಗ ಬಲಗಡೆಯ ಕಿಬ್ಬೊಟ್ಟೆಯಲ್ಲಿ ಒಂದು ಚಳಕು ಹೊಡೆಯಿತು. ವಾಯು ಇರಬೇಕೆಂದು ಓಂಕಾಳು ಅಗಿದೆ. ಹೋಗಲಿಲ್ಲ. ಆಮೇಲೆ ಅದು ನನ್ನ ಜೊತೆಗೇ ಸಂಸಾರ ಹೂಡಿತು. ಕೆಮ್ಮಿದರೆ ನೋವು, ನಕ್ಕರೆ ನೋವು, ನೆಲಕ್ಕೆ ಕೂತು ಏಳುವಾಗಲಂತೂ ಕಣ್ಣಿಗೆ ಕತ್ತಲೆ. ಗಿರಾಕಿಯ ಮುಂದೆ ನಗುನಗುತ್ತ ಸೆರಗಿನ ಒಳಗೆ ಮುಷ್ಟಿ ಬಿಗಿದು ಹೊಟ್ಟೆ ಒತ್ತಿಕೊಳ್ಳುವುದನ್ನು ಕಲಿತೆ.

ಒಬ್ಬ ಡಾಕ್ಟರು ಮೂತ್ರದ ಸೋಂಕು ಎಂದು ಗುಳಿಗೆ ಕೊಟ್ಟರು. ಇನ್ನೊಬ್ಬರು ಕರುಳಿನದು ಎಂದು ಖಾರ ಬಿಡಿಸಿದರು. ಖಾರ ಬಿಟ್ಟದ್ದರಿಂದ ನೋವು ಹೋಗಲಿಲ್ಲ, ಊಟದ ಆಸೆ ಹೋಯಿತು. ಕೊನೆಗೆ ನರ್ಸಿಂಗ್ ಹೋಮಿನವರು ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಾಣಿಸಿತು. ಅಂತೂ ಏನೋ ಒಂದು ಸಿಕ್ಕಿತಲ್ಲ ಎಂದು ಅವರಿಗೂ ಸಮಾಧಾನ, ನನಗೂ ಸಮಾಧಾನ.

ನಮ್ಮ ಕಡೆ ಹೆಂಗಸರು ಅದನ್ನು ಚೀಲ ಅನ್ನುತ್ತಾರೆ. ಹಲ್ಲು ಕೀಳಿಸಿದಷ್ಟೇ ಸಲೀಸಾಗಿ, ಚೀಲ ತೆಗಿಸಿಬಿಡು, ಅನ್ನುತ್ತಾರೆ. ಪಕ್ಕದ ಮನೆಯಲ್ಲೇ ಇರುವ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ತನ್ನದನ್ನು ಎಂದೋ ತೆಗೆಸಿದ್ದಳು.

"ಮಕ್ಕಳಂತೂ ದೊಡ್ಡವಾದುವು. ಇನ್ನೇನು ಕೆಲಸ ಅದ ಅದಕ್ಕ?" ಅಂದಳು. "ತೆಗಿಸಿ ಒಗದುಬಿಡು ತಂಗಿ. ನಾ ಇದ್ದೇನಲ್ಲ, ನಿಂಗ ರೊಟ್ಟಿ ಬಡದು ಹಾಕ್ತೇನಿ."

ನನಗಿನ್ನೂ ನಲವತ್ತು ತುಂಬಿರಲಿಲ್ಲ. ಒಳಗೆ ಹೆದರಿಕೆ ಇತ್ತು. ಸರಿಯಾಗಿರುವುದನ್ನು ಒಮ್ಮೆ ಕತ್ತರಿಸಿದರೆ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ಬಟ್ಟೆ ಮಾರುವವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೋವು ಹೆದರಿಕೆಗಿಂತ ದೊಡ್ಡದಾಗಿತ್ತು. ಹೂಂ ಅಂದೆ. ಹೂಂ ಅಂದಮೇಲೆ ಉಳಿದದ್ದು ರೇಟು.

"ದವಾಖಾನ್ಯಾಗೂ ಚೌಕಾಶಿ ಮಾಡ್ತೀಯೇನು? ಮರ್ಯಾದಿ ಅನ್ನೋದು ಒಂದದನೋ ಇಲ್ಲೋ?" ಎಂದು ನನ್ನ ಗಂಡ ರೇಗಿದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಅವರದು. ತರಕಾರಿಯವಳು ಹೇಳಿದಷ್ಟನ್ನೂ ಕೊಟ್ಟು ಬರುವ ಮನುಷ್ಯ.

"ಕೇಳಲಾಕ ರೊಕ್ಕ ಬೀಳಂಗಿಲ್ರಿ," ಎಂದು ಬೀದರದ ಬಸ್ಸು ಹತ್ತಿದೆ.

ದವಾಖಾನೆಗೆ ಹೋಗುವುದಕ್ಕೆ ನನ್ನದೊಂದು ಪದ್ಧತಿ ಇತ್ತು. ಬಣ್ಣ ಹೋದ ಹಳೇ ಸೀರೆ ಉಡುವುದು, ಕೈಯಲ್ಲಿ ಬರೀ ಗಾಜಿನ ಬಳೆ, ಕಾಲಿಗೆ ರಬ್ಬರ್ ಚಪ್ಪಲಿ. ಏನು ಕೆಲಸ ಮಾಡ್ತೀರಿ ಅಂದರೆ, "ಮನ್ಯಾಗೇ ಇರ್ತೇನ್ರಿ." ಅಂಗಡಿ ಇದೆ ಎಂದು ಗೊತ್ತಾದರೆ ಬಿಲ್ಲು ಏರುತ್ತದೆ ಎಂಬುದು ನನ್ನ ಅಂದಾಜು. ಹಾಗಾಗಿ ಭಾಲ್ಕಿಯಲ್ಲಿ ನನ್ನನ್ನು ನೋಡಿದ ಎಲ್ಲ ಡಾಕ್ಟರರ ಚೀಟಿಯಲ್ಲೂ ನಾನು ಮನೆಯಲ್ಲಿರುವ ಹೆಂಗಸು.

ಬೀದರದಲ್ಲಿ ನಾನು ಹೋದದ್ದು ಆಪರೇಷನ್ ಮಾಡುವ ಒಬ್ಬ ಹೆಣ್ಣು ಡಾಕ್ಟರ ಹತ್ತಿರ. ಐವತ್ತರ ಆಜುಬಾಜಿನವರು, ಮಾತು ಕಡಿಮೆ. ಸ್ಕ್ಯಾನಿಂಗ್ ರಿಪೋರ್ಟು ಮುಂದಿಟ್ಟು ನೇರ ವಿಷಯಕ್ಕೆ ಬಂದೆ.

"ಚೀಲ ತೆಗೀಲಾಕ ನಿಮ್ಮಲ್ಲಿ ಎಷ್ಟು ಆಗ್ತದ್ರಿ?"

ಅವರು ರಿಪೋರ್ಟು ಓದಿದರು. "ಮುಟ್ಟು ಭಾಳ ಹೋಗ್ತದೇನು?"

"ಇಲ್ರಿ."

"ದಿನ ತಪ್ಪಿ ಬರೋದು, ಹೆಚ್ಚುಕಡಿಮಿ?"

"ಅದೂ ಇಲ್ರಿ. ಬಲಗಡಿ ನೋವು ಅಷ್ಟೇ. ಎಷ್ಟು ಆಗ್ತದಂತ ಹೇಳಿದ್ರ..."

"ಏನು ಕೆಲಸ ಮಾಡ್ತೀರಿ?"

"ಮನ್ಯಾಗೇ ಇರ್ತೇನ್ರಿ."

ಅವರು ಬರೆದುಕೊಳ್ಳತೊಡಗಿದರು. ನಾನು ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಅವರು ಉಟ್ಟಿದ್ದ ಸೀರೆಯ ಸೆರಗು ಮೇಜಿನ ಅಂಚಿಗೆ ನನ್ನ ಕಡೆಗೇ ಬಿದ್ದಿತ್ತು. ಕೈ ಕೇಳಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದೆ.

"ಪ್ಯೂರ್ ಅಂತ ಕೊಟ್ಟಾರೇನ್ರಿ ಮೇಡಂ? ಅರ್ಧ ಪಾಲಿಸ್ಟರ್ ಅದ ಇದರಾಗ. ನಿಮಗ ಟೋಪಿ ಹಾಕ್ಯಾರ."

ಅವರ ಪೆನ್ನು ನಿಂತಿತು. ತಲೆ ಎತ್ತಿ ನನ್ನನ್ನು, ನನ್ನ ಹಳೇ ಸೀರೆಯನ್ನು, ರಬ್ಬರ್ ಚಪ್ಪಲಿಯನ್ನು ಒಂದೊಂದಾಗಿ ನೋಡಿದರು. ಬಾಗಿಲಲ್ಲಿದ್ದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು.

"ಮನ್ಯಾಗ ಇರೋರು ಸೀರಿ ಹಿಂಗ ಹಿಡಿಯಂಗಿಲ್ಲ," ಅಂದರು ಡಾಕ್ಟರು. "ಖರೆ ಹೇಳ್ರಿ. ಎಲ್ಲದ ಅಂಗಡಿ?"

ಸಿಕ್ಕಿಬಿದ್ದ ಮೇಲೆ ಏನು ಮಾಡುವುದು! ಭಾಲ್ಕಿಯ ಅಂಗಡಿ, ಔರಾದದ ಸಂತೆ, ಬಸ್ಸಿಗೆ ಗಂಟು ಏರಿಸಿ ಇಳಿಸುವುದು, ಎಲ್ಲ ಹೇಳಿದೆ. ಗಂಟು ಹೇಗೆ ಎತ್ತುತ್ತೀರಿ ಎಂದು ಕೇಳಿದರು. ಎದ್ದು ನಿಂತು ತೋರಿಸಿದೆ: ಮೊದಲು ಮೊಣಕಾಲಿಗೆ, ಅಲ್ಲಿಂದ ಬಲಗಡೆಯ ಸೊಂಟಕ್ಕೆ, ಆಮೇಲೆ ಹೊಟ್ಟೆಯಿಂದ ಒಂದು ಜಾಡಿಸಿ ಮೇಲಕ್ಕೆ. ಬರಿಗೈಯಲ್ಲಿ ತೋರಿಸುವಾಗಲೇ ಚಳಕು ಹೊಡೆದು ಹಲ್ಲು ಕಚ್ಚಿದೆ.

"ಮಲಕೊಳ್ರಿ," ಅಂದರು. "ನೋವು ಎಲ್ಲದ ಅಂತ ಒಂದೇ ಬೆರಳಿಂದ ತೋರಿಸ್ರಿ. ಅಂಗೈ ಇಡಬ್ಯಾಡ್ರಿ."

ಅಷ್ಟು ದಿನ ನಾನು ಎಲ್ಲರಿಗೂ ಅಂಗೈ ಆಡಿಸಿ ಇಲ್ಲೆಲ್ಲಾ ನೋವು ಅಂದಿದ್ದೆ. ಒಂದೇ ಬೆರಳು ಅಂದಾಗ ಹುಡುಕಬೇಕಾಯಿತು. ಹುಡುಕಿದರೆ ಸಿಕ್ಕಿತು, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅವರು ಅದೇ ಜಾಗದ ಮೇಲೆ ತಮ್ಮ ಬೆರಳು ಒತ್ತಿ ಹಿಡಿದರು. "ಈಗ ತಲಿ ಮತ್ತ ಹೆಗಲು ಮ್ಯಾಲ ಎತ್ರಿ." ಎತ್ತಿದೆ, ಎತ್ತಿದ್ದೇ ತಡ, "ಅಯ್ಯವ್ವಾ!" ಎಂದು ಕೂಗಿದೆ.

"ನೋಡ್ರಿ," ಅಂದರು, ಬೆರಳು ತೆಗೆದು. "ನೋವು ಒಳಗಿಂದಾಗಿದ್ರ, ಹೊಟ್ಟಿ ಬಿಗಿ ಆದಾಗ ನನ್ನ ಒತ್ತು ಒಳಗ ಮುಟ್ಟಂಗಿಲ್ಲ, ನೋವು ಕಡಿಮಿ ಆಗ್ಬೇಕು. ನಿಮಗ ಹೆಚ್ಚಾಯ್ತು. ಇದು ಹೊಟ್ಟಿ ಗೋಡಿ ನೋವು, ಒಳಗಿನ ಕೋಣಿದಲ್ಲ. ಗೋಡಿಯೊಳಗಿನ ಒಂದು ನರ ಸಿಕ್ಕೊಂಡು ಒದ್ದಾಡಲಾಕತ್ತದ."

"ಮತ್ತ ಗಡ್ಡಿ?"

"ಸಣ್ಣದು. ಭಾಳ ಹೆಣ್ಣುಮಕ್ಕಳಿಗೆ ಇರ್ತದ. ಆಗಾಗ ನೋಡಿಕೋತ ಇದ್ರ ಸಾಕು. ಈ ನೋವು ಅದರದಲ್ಲ."

ನಾನು ಸುಲಭಕ್ಕೆ ನಂಬುವವಳಲ್ಲ. ಮುಖದ ಮೇಲೆಯೇ ಇತ್ತೇನೋ, ಅವರು ಮತ್ತೆ ಅಂದರು: "ನಂಬಬ್ಯಾಡ್ರಿ, ನೋಡ್ರಿ. ಅದೇ ಜಾಗಕ್ಕ ಮರಗಟ್ಟೋ ಸೂಜಿ ಹಾಕ್ತೇನಿ. ನರದ್ದೇ ಆಗಿದ್ರ ಹತ್ತು ನಿಮಿಷದಾಗ ಗೊತ್ತಾಗ್ತದ."

ಸೂಜಿ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಕೆಮ್ಮಿ ನೋಡಿದೆ. ನೋವಿಲ್ಲ. ಬೇಕೆಂದೇ ಇನ್ನೊಮ್ಮೆ ಜೋರಾಗಿ ಕೆಮ್ಮಿದೆ. ನೆಲಕ್ಕೆ ಕೂತು ಎದ್ದೆ, ಮತ್ತೆ ಕೂತು ಮತ್ತೆ ಎದ್ದೆ. ಸರದಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಯಾಕ ಯವ್ವಾ, ಏನರ ಬಿದ್ದದೇನು?" ಎಂದು ಬಗ್ಗಿ ನೋಡಿದಳು. ನನಗೆ ನಗುವೂ ಬಂತು, ಅಳುವೂ ಬಂತು. ನಕ್ಕರೂ ನೋವಿಲ್ಲದ್ದಕ್ಕೆ ಅಳು ಇನ್ನೂ ಹೆಚ್ಚಾಯಿತು.

"ತಿರುಗಿ ಬರಬಹುದು," ಎಂದು ಡಾಕ್ಟರು ಮೊದಲೇ ಹೇಳಿದರು. "ಇನ್ನೂ ಒಂದೆರಡು ಸಲ ಸೂಜಿ ಬೇಕಾಗಬಹುದು. ಗಂಟು ಎತ್ತೋದು ಬಂದ್." ಆಪರೇಷನ್ನಿನ ರೇಟು ಕೊನೆಗೂ ಹೇಳಲಿಲ್ಲ. ಮಾರುವ ಸಾಮಾನು ಇಟ್ಟುಕೊಂಡು, ಇದು ನಿನಗೆ ಬೇಕಾಗಿಲ್ಲ ಎಂದು ಗಿರಾಕಿಯನ್ನು ವಾಪಸು ಕಳಿಸಿದವರನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಭಾಲ್ಕಿಯ ನರ್ಸಿಂಗ್ ಹೋಮಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಲ್ಲಿನ ಡಾಕ್ಟರು ಸಿಟ್ಟಾಗಲಿಲ್ಲ. ಬೀದರದ ಚೀಟಿಯನ್ನು ಎರಡು ಸಲ ಓದಿದರು. "ನೀವು ಗಂಟು ಹೊರ್ತೀರಂತ ನನ್ನ ಮುಂದ ಹೇಳಿದ್ರೇನ್ರಿ? ನಾನೂ ಒಮ್ಮೆ ಕೇಳಿ ಅಷ್ಟಕ್ಕ ಬಿಟ್ಟುಬಿಟ್ಟೆ," ಅಂದರು. ಆಪರೇಷನ್ನಿಗೆ ಗೊತ್ತಾಗಿದ್ದ ದಿನವನ್ನು ತಾವೇ ಹೊಡೆದುಹಾಕಿದರು. ಅವರಿಗೂ ನಾನು ಋಣಿ.

ನೋವು ಒಮ್ಮೆ ತಿರುಗಿ ಬಂತು, ಇನ್ನೊಂದು ಸೂಜಿಯಾಯಿತು. ಈಗ ಔರಾದಕ್ಕೆ ಹೋದರೆ ಗಂಟು ಎತ್ತುವುದು ಹಮಾಲ. ನಾನು ಖಾಲಿ ಕೈ ಬೀಸಿಕೊಂಡು ಹಿಂದೆ ನಡೆಯುತ್ತೇನೆ. ನನ್ನ ಗಂಡ ಮಾತ್ರ, "ನಿನ್ನ ಚೌಕಾಶಿಗೆ ನಾ ಇನ್ನ ಅಡ್ಡ ಬರಂಗಿಲ್ಲ," ಎಂದು ದೇವರ ಮನೆಯ ಮುಂದೆ ನಿಂತು ಹೇಳಿದರು. ಅಕ್ಕತಂಗಿಯರಿಗೆ ನಾನು ಹೇಳುವುದಿಷ್ಟು: ಆಪರೇಷನ್ ಬೇಕಾದವರು ಮಾಡಿಸಿಕೊಳ್ಳಲೇಬೇಕು, ನಾನೇನು ಡಾಕ್ಟರಲ್ಲ. ಆದರೆ ಇನ್ನೊಬ್ಬರಿಗೂ ತೋರಿಸಿ. ಬೆರಳಿಟ್ಟು ತೋರಿಸಿ. ದಿನವಿಡೀ ಏನು ಮಾಡುತ್ತೀರೆಂದು ಮುಚ್ಚಿಡದೆ ಹೇಳಿ. ಚೌಕಾಶಿ ಆಮೇಲೆ ಮಾಡಿದರಾಯಿತು.

ಬೀದರದಿಂದ ಬಂದ ಆ ದಿನಗಳಲ್ಲಿ ನೆಗೆಣ್ಣಿಗೆ ಹೇಳುವುದೇ ಕಷ್ಟವಾಗಿತ್ತು. ನನ್ನದು ಉಳಿಯಿತು ಎಂದು ಆಕೆಯ ಮುಂದೆ ಯಾವ ಬಾಯಿಂದ ಹೇಳುವುದು? ಆಕೆ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದನ್ನೂ ನೋಡಲಿಲ್ಲ.

"ತಂಗಿ," ಅಂದಳು, "ನಂದು ತೆಗಿಸಿದ ಮ್ಯಾಲೂ ನೋವು ಹೋಗಿಲ್ಲ. ಮನ್ಯಾಗ ಅಷ್ಟು ಖರ್ಚು ಮಾಡ್ಯಾರಲ್ಲ ಅಂತ ಯಾರ ಮುಂದೂ ಹೇಳಿಲ್ಲ."

ಮುಂದಿನ ವಾರವೇ ಆಕೆಯನ್ನು ಬೀದರಕ್ಕೆ ಕರೆದುಕೊಂಡು ಹೋದೆ. ಬಸ್ಸಿನುದ್ದಕ್ಕೂ ಹೀಗೆ ಹೇಳು, ಹಾಗೆ ಹೇಳು ಎಂದು ಕಲಿಸಿದೆ. ಡಾಕ್ಟರ ಬಾಗಿಲಿಗೆ ಬಂದಾಗ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೀ ಇಲ್ಲೇ ಕೂಡು. ನೀ ಬಂದ್ರ ನನ್ನ ಮಾತೂ ನೀನೇ ಆಡ್ತಿ."

ಕೂತೆ. ಆಕೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ಆಕೆಯ ಹಿಂದಿನ ಸರದಿಯವರು ಗೊಣಗತೊಡಗಿದರು, ನರ್ಸು ಒಮ್ಮೆ ಇಣುಕಿ ನೋಡಿ ಬಂದಳು. ಮನೆಯಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ ಹೆಂಗಸು ಇನ್ನೂ ಹೊರಗೆ ಬಂದಿರಲಿಲ್ಲ. ಮಾತಾಡಲಿ, ಪೂರಾ ಹೇಳಿ ಬರಲಿ ಎಂದುಕೊಂಡು, ಗೊಣಗುತ್ತಿದ್ದವರನ್ನು ಮಾತಿಗೆ ಎಳೆದುಕೊಂಡು ಕೂತೆ.