ಅವ್ವ ಎರಡನೇ ಸಲ ಕೇಳಿದ ಹೂವು

ಇದು ೨೦೦೯ರ ಮಾತು. ಹೆಣ್ಣು ಹೆಣ್ಣು, ಗಂಡು ಗಂಡು ಕೂಡಿ ಬಾಳಿದರೆ ಅದು ಅಪರಾಧವಲ್ಲ ಅಂತ ದಿಲ್ಲಿಯ ಕೋರ್ಟೊಂದು ತೀರ್ಪು ಕೊಟ್ಟಿತ್ತಲ್ಲ, ಆ ವರ್ಷ. ಯಾವ ಚಾನೆಲ್ ಹಾಕಿದರೂ ಅದೇ ಸುದ್ದಿ. ಕೋರ್ಟು ಹೇಳಿದ್ದು ಅಂಥವರನ್ನ ಜೈಲಿಗೆ ಹಾಕಬೇಡಿ ಅಂತ, ಅಷ್ಟೆ. ಆದರೆ ನಮ್ಮ ಚನ್ನಪಟ್ಟಣದ ಬೀದಿಗೆ ಬರೋ ಹೊತ್ತಿಗೆ ಅದು 'ಇನ್ಮೇಲೆ ಹೆಂಗಸು ಹೆಂಗಸನ್ನೇ ಮದುವೆ ಆಗ್ಬೋದಂತೆ' ಅಂತ ಆಗಿಹೋಗಿತ್ತು. ಬ್ಲೌಸ್ ಹೊಲಿಸೋಕೆ ನನ್ನ ಹತ್ತಿರ ಬರೋ ಹೆಂಗಸರೆಲ್ಲ ಅದನ್ನೇ ಹೇಳ್ಕೊಂಡು ನಗ್ತಿದ್ದರು. ನಾನೂ ಮಿಷನ್ ತುಳೀತಾ ನಗ್ತಿದ್ದೆ. ಆ ಸುದ್ದಿ ನಮ್ಮನೆ ಹೊಸಿಲು ದಾಟಿ ಒಳಗೆ ಬಂದು ಕೂರುತ್ತೆ ಅಂತ ಯಾರು ಅಂದ್ಕೊಂಡಿದ್ದರು.

ನಮ್ಮವ್ವ ಸಾತನೂರು ಕಡೆಯವಳು. ಹಿಪ್ಪುನೇರಳೆ ತೋಟ ಇಟ್ಟುಕೊಂಡು, ರೇಷ್ಮೆ ಹುಳ ಮೇಯಿಸಿ, ಅಪ್ಪ ಹೋದ ಮೇಲೂ ನಮ್ಮಿಬ್ಬರನ್ನು ಒಬ್ಬಳೇ ಸಾಕಿದವಳು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿದಾಗೆಲ್ಲ ಊರಿಗೆ ಹೋಗೋ ಮೊದಲು ನಮ್ಮನೆಗೆ ಬಂದು ಒಂದು ದಿನ ಇರ್ತಿದ್ದಳು. ಅವತ್ತೂ ಹಾಗೇ ಬಂದಿದ್ದಳು. ನನ್ನ ತಂಗಿ ಸುಮಾ ಕೂಡ ಭಾನುವಾರದ ರಜಾ ಅಂತ ಬಿಡದಿಯಿಂದ ಬಂದಿದ್ದಳು. ಅಲ್ಲಿ ಹೊಸದಾಗಿ ಎದ್ದ ಫ್ಯಾಕ್ಟರಿಗಳಲ್ಲಿ ಒಂದರಲ್ಲಿ ಕಾರಿಗೆ ಹಾಕೋ ವೈರು ಜೋಡಿಸೋ ಕೆಲಸ ಅವಳದು. ಜೊತೆಗೆ ಕೆಲಸ ಮಾಡೋ ಮಾಗಡಿ ಕಡೆ ಹುಡುಗಿ ರೇಣುಕಾ, ಇವಳು, ಇಬ್ಬರೂ ಒಂದೇ ರೂಮು ಮಾಡ್ಕೊಂಡಿದ್ದರು. ರೇಣು ಅಂದರೆ ಅವ್ವನಿಗೆ ಬಲು ಇಷ್ಟ. ಊರಿಗೆ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಪ್ಪು ಕುಯ್ಯೋಕೆ ನಿಂತುಬಿಡ್ತಿದ್ದಳು. "ನೀವಿಬ್ರೂ ಅಂಗೆ ಒಂದಿನ ಸೊಪ್ಪು ಕುಯ್ದಿದ್ದೀರಾ? ನಿಮಗಿಂತ ಅವಳೇ ವಾಸಿ ಕಣ್ರವ್ವ" ಅಂತ ಅವ್ವ ನಮ್ಮ ಮುಖಕ್ಕೇ ಹೇಳ್ತಿದ್ದಳು.

ಊಟ ಆಗಿತ್ತು. ಟೀವಿಯಲ್ಲಿ ಬೇರೆ ಬೇರೆ ಧರ್ಮದ ದೊಡ್ಡವರು ಸಾಲಾಗಿ ಕೂತು ಮಾತಾಡ್ತಿದ್ದರು. ಬೇರೆ ದಿನ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಆಗ್ತಿರಲಿಲ್ಲ. ಅವತ್ತು ಮಾತ್ರ ಎಲ್ಲರದೂ ಒಂದೇ ರಾಗ, ಇದನ್ನ ದೇವರು ಒಪ್ಪಲ್ಲ ಅಂತ. ನನ್ನ ಗಂಡ ಬೊಂಬೆಗೆ ಅರಗು ಹಚ್ಚೋ ಕೈಯನ್ನ ಒರೆಸಿಕೊಳ್ತಾ, "ಪರವಾಗಿಲ್ವೆ, ಇವರನ್ನ ಒಗ್ಗೂಡಿಸೋಕೆ ಇಷ್ಟು ಸಾಕಾಯ್ತಲ್ಲ" ಅಂದರು. ಅವ್ವನಿಗೆ ಅದು ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಸಾತನೂರಿನ ಗಂಡು. ಹಾಲಿನ ಡೇರಿಯಲ್ಲಿ ಕೆಲಸ, ಸ್ವಂತ ತೋಟ, ಕೆಟ್ಟ ಚಟ ಇಲ್ಲ. "ಬರೋ ತಿಂಗಳು ನೋಡೋಕೆ ಬತ್ತಾವ್ರೆ. ಈ ಸಲ ಏನಾರ ನೆಪ ತೆಗುದ್ರೆ ನೋಡು ಸುಮಿ" ಅಂದಳು.

ಸುಮಾ ಟೀವಿ ಕಡೆ ಕೈ ತೋರಿಸಿದಳು. "ಅವ್ವ, ಅಲ್ಲಿ ಮಾತಾಡ್ತಾವ್ರಲ್ಲ, ಅದು ನನ್ನಂಥೋಳ ವಿಚಾರ ಕಣವ್ವ. ನಂದೂ ರೇಣುದೂ ವಿಚಾರ. ನಾವಿಬ್ರೂ ಕಡೆಗಂಟ ಇಂಗೇ ಇರೋದು ಅಂತ ತೀರ್ಮಾನ ಮಾಡ್ಕಂಡಿದ್ದೀವಿ. ನೀನು ನಮಗೆ ಮದುವೆ ಮಾಡ್ಸು ಅಂತ ಕೇಳ್ತಿಲ್ಲ. ನನ್ನ ಬೇರೆ ಯಾರ್ಗೂ ಕೊಡಬ್ಯಾಡ, ಅಷ್ಟೆ."

ನನ್ನ ಗಂಡ ಎದ್ದು ಟೀವಿ ಆರಿಸಿದರು. ನಿಜ ಹೇಳ್ತೀನಿ, ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಬಿಡದಿ ಪಕ್ಕದ ಊರಿನ ಒಂದು ಹುಡುಗಿಯನ್ನ ಇಂಥದ್ದೇ ಮಾತಿಗೆ ಕೆಲಸ ಬಿಡಿಸಿ, ಗೊತ್ತಿಲ್ಲದ ಕಡೆ ಕೊಟ್ಟು ಕೈ ತೊಳ್ಕೊಂಡಿದ್ದರು ಅಂತ ಕೇಳಿದ್ದೆ. ಅವಳ ಗತಿ ನನ್ನ ತಂಗಿಗೂ ಬಂದರೆ ಅಂತ ಜೀವ ಹೊಡ್ಕೊಳ್ತಿತ್ತು.

ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡಿ ಸಮ ಮಾಡ್ತಿದ್ದೆ. ಗೋಡೆಗೆ ಒರಗಿ ಕೂತವಳು ಹಾಸಿಗೆಗೂ ಬರದೆ ಅಲ್ಲೇ ಬೆಳಗು ಮಾಡಿದಳು. ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ನನಗೆ ಹೇಳಿದಳು, "ಕೋರ್ಟ್ನೋರು ಬುಟ್ರು ಅಂದ್ರೆ ದೇವ್ರು ಬುಡ್ತಾನಾ ಮಂಜಿ? ಶುಕ್ರವಾರ ನಮ್ಮೂರ ಮನೆದೇವ್ರು ಅಮ್ಮನ ಗುಡೀಲಿ ಹೂ ಕೇಳ್ತೀನಿ. ಅವಳು ಏನಂತಾಳೋ ಅಂಗೆ."

ಹೂ ಕೇಳೋದು ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಮನಸ್ಸಲ್ಲಿರೋದನ್ನ ಕೇಳಿ ನಿಲ್ಲಬೇಕು. ಬಲಗಡೆ ಹೂ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ನಮ್ಮ ವಂಶದಲ್ಲಿ ಬಾವಿ ತೋಡಿಸೋದಿರಲಿ, ಹೆಣ್ಣು ಕೊಡೋದಿರಲಿ, ಆ ಹೂ ಕೇಳದೆ ಮಾಡಿದ್ದಿಲ್ಲ. ನನ್ನ ಮದುವೆಗೂ ಕೇಳಿದ್ದರು. ಬಲಗಡೆ ಬಿದ್ದಿತ್ತಂತೆ, ಗಂಡನ ಜೊತೆ ಜಗಳ ಆದಾಗೆಲ್ಲ ನನಗೆ ಅದರ ಮೇಲೇ ಅನುಮಾನ.

ನನಗೆ ರೇಗಿಹೋಯ್ತು. ಒಂದು ಹೂವಿನ ಮೇಲೆ ಹುಡುಗಿಯ ಜೀವನ ನಿಲ್ಲಿಸೋದಾ ಅಂತ. ಸುಮಾ ಆದರೂ ಆಗಲ್ಲ ಅಂತಾಳೆ ಅಂದ್ಕೊಂಡರೆ, ಅವಳು "ಆಯ್ತವ್ವ, ಕೇಳು" ಅಂದುಬಿಟ್ಟಳು. ಎಡಗಡೆ ಬಿದ್ದರೆ ಸಾತನೂರಿನ ಗಂಡಿನ ಮುಂದೆ ಕೂರ್ತೀನಿ ಅಂತಲೂ ಮಾತು ಕೊಟ್ಟಳು. ನಾನು ಅವಳನ್ನ ಹಿತ್ತಲಿಗೆ ಎಳ್ಕೊಂಡು ಹೋಗಿ, "ನಿನಗೆ ಬುದ್ಧಿ ಗಿದ್ದಿ ಐತಾ? ರೇಣುನ ಕೇಳಿದ್ಯಾ?" ಅಂದೆ. ಅವಳು ಕಣ್ಣೊರೆಸ್ಕೊಂಡು, "ನಾನೂ ಅದೇ ಅಮ್ಮನ ಒಕ್ಕಲಲ್ವಾ ಅಕ್ಕ. ಅವಳೇ ಬ್ಯಾಡ ಅಂದ್ರೆ ನಾನು ಎಲ್ಲೋಗಿ ಸುಖವಾಗಿರ್ಲಿ" ಅಂದಳು. ನನ್ನ ಗಂಡ ಒಳಗಿಂದಲೇ, "ಒಣಗಿದ ಹೂ ಬೀಳ್ತದೆ, ಒದ್ದೆ ಹೂ ನಿಲ್ತದೆ, ಅದಕ್ಕೆ ದೇವರ್ಯಾಕೆ ಬೇಕು" ಅಂದರು. ನೀವು ಸುಮ್ನಿರಿ ಅಂದೆ, ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು.

ಗೂಡು ಮಾರಿ ಬಂದಿದ್ದರಿಂದ ಊರಲ್ಲಿ ಹುಳ ಇರಲಿಲ್ಲ, ಅವ್ವ ಆ ವಾರ ನಮ್ಮನೆಯಲ್ಲೇ ಉಳಿದಳು, ಸುಮಾನೂ ಕೆಲಸಕ್ಕೆ ರಜಾ ಹಾಕಿದಳು. ಶುಕ್ರವಾರ ನಾವು ಮೂವರೂ ಸಾತನೂರು ಬಸ್ಸು ಹತ್ತಿದೆವು. ರೇಣು ಬಿಡದಿಯಿಂದಲೇ ಬಂದು ಸ್ಟ್ಯಾಂಡಿನಲ್ಲಿ ಕಾಯ್ತಿದ್ದಳು. ಅವ್ವ ಅವಳ ಮುಖ ನೋಡಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಮೊದಲೆಲ್ಲ ಬಸ್ಸಿನಲ್ಲಿ ಅವ್ವನ ಪಕ್ಕ ಕೂತು ಕಡಲೆಕಾಯಿ ಸುಲಿದುಕೊಡ್ತಿದ್ದ ಹುಡುಗಿ, ಅವತ್ತು ಹಿಂದಿನ ಸೀಟಲ್ಲಿ ಒಬ್ಬಳೇ ಕಿಟಕಿ ಕಡೆ ತಿರುಗಿ ಕೂತಿದ್ದಳು. ನನಗೆ ನೋಡೋಕಾಗಲಿಲ್ಲ.

ಗುಡಿ ಊರಾಚೆ ಹುಣಸೆಮರದ ಹತ್ತಿರ. ಸಣ್ಣ ಗುಡಿ. ರೇಣು, "ನಾನು ನಿಮ್ಮ ಒಕ್ಕಲಲ್ಲ ಅಕ್ಕ, ಇಲ್ಲೇ ಇರ್ತೀನಿ" ಅಂತ ಎಲ್ಲರ ಚಪ್ಪಲಿ, ಬ್ಯಾಗು ಕಾಯ್ಕೊಂಡು ಜಗಲಿ ಮೇಲೆ ಕೂತಳು. ಅವಳ ಮನೆಯವರು ಶಿವನ ಪೂಜೆಯವರು, ಅವರಲ್ಲಿ ಈ ಹೂ ಕೇಳೋ ಪದ್ಧತಿ ಇಲ್ಲ. ಗೊತ್ತೇ ಇಲ್ಲದ ದೇವರ ಮುಂದೆ ತನ್ನ ಬದುಕಿನ ತೀರ್ಪಿಗೆ ಕಾದು ಕೂತಿದ್ದಳು, ಪಾಪ.

ಅವ್ವ ಕೈಕಾಲು ತೊಳೆಯೋಕೆ ಹೋದಾಗ ನಾನು ಪೂಜಾರಪ್ಪನ ಹತ್ತಿರ ಸರಿದು ಮೆಲ್ಲಗೆ, "ಬಲಗಡೆ ಹೂವ ಒಸಿ ಸಡಿಲವಾಗಿ ಇಡಪ್ಪ" ಅಂದೆ. ಆತ ನನ್ನನ್ನ ಕೆಕ್ಕರಿಸಿ ನೋಡಿದ. "ಇಡೋನು ನಾನು, ಕೊಡೋಳು ಅವಳು. ದೊಡ್ಡೋಳಾದ್ರೂ ನಿಂಗೆ ಭಯ ಬರ್ಲಿಲ್ವಲ್ಲ ತಾಯಿ" ಅಂದ. ಈಗಲೂ ನನಗೆ ಅದರ ಬಗ್ಗೆ ನಾಚಿಕೆ ಇಲ್ಲ. ನನ್ನ ತಂಗಿ ವಿಷಯದಲ್ಲಿ ದೇವಿಯನ್ನೇ ಬೇಕಾದರೂ ಕೇಳ್ಕೊಳ್ತಿದ್ದೆ, ಇನ್ನೊಂಚೂರು ಬಲಕ್ಕೆ ವಾಲ್ಕೋ ತಾಯಿ ಅಂತ.

ಪೂಜಾರಪ್ಪ ಕೆಂಪು ಕಣಗಿಲೆ ನೀರಲ್ಲದ್ದಿ ಎರಡೂ ಕಡೆ ಅಂಟಿಸಿದ. "ಬಾಯ್ಬುಟ್ಟು ಹೇಳೀಯಾ, ಮನಸ್ನಾಗೇ ಕೇಳ್ಕತೀಯಾ?" ಅಂದ. ಅವ್ವ, "ಮನಸ್ನಾಗೇ" ಅಂದಳು. ಕೈ ಮುಗಿದು ಕಣ್ಮುಚ್ಚಿದಳು. ನಾವೂ ನಿಂತೆವು. ನಿಂತೇ ನಿಂತೆವು. ದೀಪದ ಎಣ್ಣೆ ವಾಸನೆ, ಸೆಕೆ. ಹೂ ಅಲುಗಲಿಲ್ಲ. ಪೂಜಾರಪ್ಪ ಗಂಟೆ ಬಾರಿಸಿ, "ಕೊಡವ್ವ ತಾಯಿ, ಒಕ್ಕಲು ಬಂದು ನಿಂತವ್ರೆ" ಅಂತ ಕೂಗಿದ. ಆಗ ಎಡಗಡೆ ಹೂ ಸ್ವಲ್ಪ ಜಾರಿತು. ಸುಮಾ ನನ್ನ ಕೈ ಹಿಡಿದ ಹಿಡಿತಕ್ಕೆ ಬಳೆ ಒತ್ತಿ ಚರ್ಮ ಕಿತ್ತುಬಂತು. ಜಾರಿದ ಹೂ ಅಲ್ಲೇ ದೇವಿಯ ಸೀರೆ ನೆರಿಗೆಗೆ ಸಿಕ್ಕಿಕೊಂಡು ನಿಂತುಬಿಡ್ತು. ಬೀಳಲೂ ಇಲ್ಲ, ಮೇಲಕ್ಕೆ ಹೋಗೋ ವಸ್ತುವೂ ಅಲ್ಲ.

ಬಹಳ ಹೊತ್ತಾದ ಮೇಲೆ ಪೂಜಾರಪ್ಪನೇ, "ಅಮ್ಮ ಯಾಕೋ ಮುನಿಸ್ಕಂಡವ್ಳೆ. ನೀನು ಕೇಳ್ದ ರೀತಿ ಅವಳಿಗೆ ಇಡಿಸ್ನಿಲ್ಲ. ಇನ್ನೊಂದು ಕಿತ ಮನಸಿಟ್ಟು ಕೇಳು" ಅಂದ. ಎರಡೂ ಹೂ ತೆಗೆದು, ಬೇರೆ ಹೂ ಅದ್ದಿ ಅಂಟಿಸಿದ.

ಅವ್ವ ಈ ಸಲ ತಕ್ಷಣ ಕಣ್ಮುಚ್ಚಲಿಲ್ಲ. ಹಿಂದಕ್ಕೆ ತಿರುಗಿ ಸುಮಾನ ನೋಡಿದಳು. ಬಾಗಿಲಾಚೆ ಚಪ್ಪಲಿಗಳ ಪಕ್ಕ ತಲೆ ತಗ್ಗಿಸಿ ಕೂತಿದ್ದ ರೇಣುನ ನೋಡಿದಳು. ಆಮೇಲೆ ದೇವಿ ಕಡೆ ತಿರುಗಿ, ಸೆರಗೊಡ್ಡಿ, ತುಟಿ ಅಲ್ಲಾಡಿಸ್ತಾ ಏನೋ ಕೇಳಿದಳು. ಕಣ್ಣಲ್ಲಿ ನೀರು ಸುರೀತಿತ್ತು. ಅಪ್ಪ ಹೋದಾಗ ಬಿಟ್ಟರೆ ಅವಳು ಅತ್ತಿದ್ದನ್ನ ನಾನು ನೋಡಿದ್ದು ಅವತ್ತೇ.

ಬಲಗಡೆ ಹೂ ಬಿತ್ತು. ಸುಳಿವೂ ಕೊಡದೆ, ಪೂಜಾರಪ್ಪ ಗಂಟೆಗೆ ಕೈ ಹಾಕೋ ಮೊದಲೇ ಬಿತ್ತು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತೆ. ಸುಮಾ ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದಳು. ಹೊರಗಡೆ ಕೂತಿದ್ದ ರೇಣುಗೆ ಅಳು ಕೇಳಿಸಿ, ಎಡಗಡೆಯೇ ಬಿದ್ದಿದೆ ಅಂದ್ಕೊಂಡು ಬ್ಯಾಗು ಹೆಗಲಿಗೆ ಹಾಕಿ ಹೊರಟುಬಿಟ್ಟಿದ್ದಳು.

ಅವಳನ್ನ ಕೂಗಿದ್ದು ನಾನಲ್ಲ, ಸುಮಾನೂ ಅಲ್ಲ, ಅವ್ವ. "ಎಲ್ಲಿಗೆ ಹೊಂಟೆ ರೇಣಿ, ಇಲ್ಲಿ ಬಾ. ಕಾಲು ತೊಳ್ಕಂಡು ಒಳಕ್ಕೆ ಬಾ" ಅಂದಳು. ರೇಣು ಹೊಸಿಲ ಹತ್ತಿರ ಅಳುಕುತ್ತಾ ನಿಂತಳು. ಅವ್ವ ಕೈ ಹಿಡಿದು ಒಳಗೆ ಕರ್ಕೊಂಡಳು. ಪೂಜಾರಪ್ಪ ಅರ್ಚನೆ ತಟ್ಟೆ ಹಿಡ್ಕೊಂಡು ಯಾರ ಹೆಸರಿಗೆ ಅಂತ ಕೇಳಿದ. ನಮ್ಮಲ್ಲಿ ಗಂಡ ಹೆಂಡತಿ ಹೆಸರನ್ನ ಒಂದೇ ಉಸಿರಲ್ಲಿ ಹೇಳಿ ಅರ್ಚನೆ ಮಾಡಿಸ್ತಾರೆ. ಅವ್ವ ಅದೇ ಥರ, "ಸುಮಾ, ರೇಣುಕಾ" ಅಂದಳು. ಆತ ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ಮಂತ್ರ ಶುರು ಮಾಡಿದ. ಏನು ಅರ್ಥ ಮಾಡ್ಕೊಂಡನೋ, ನಾನು ಕೇಳೋಕೆ ಹೋಗಲಿಲ್ಲ.

ಅವ್ವನ ಗಂಟು ನಮ್ಮನೆಯಲ್ಲೇ ಇದ್ದದ್ದರಿಂದ ಅವಳೂ ನಮ್ಮ ಜೊತೆ ಹೊರಟಳು. ವಾಪಸ್ಸು ಬಸ್ಸಿನಲ್ಲಿ ರೇಣು ಅವ್ವನ ಹಿಂದಿನ ಸೀಟಲ್ಲೇ ಕೂತಿದ್ದಳು, ಆದರೆ ಈಗ ಪಕ್ಕದಲ್ಲಿ ಸುಮಾ ಇದ್ದಳು. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ನನಗೆ ತಡೆಯೋಕಾಗಲಿಲ್ಲ. "ಅವ್ವ, ಏನಂತ ಕೇಳ್ದೆ?" ಅಂದೆ.

ಮನಸ್ಸಲ್ಲಿ ಕೇಳಿದ್ದನ್ನ ಹೇಳಬಾರದು ಅಂತ ಸ್ವಲ್ಪ ಹೊತ್ತು ಬಿಗುಮಾನ ಮಾಡಿದಳು. ಆಮೇಲೆ ಹೇಳಿದಳು. "ಮೊದ್ಲು ಕೇಳಿದ್ದು, ಇದು ಸರೀನಾ ತಾಯಿ ಅಂತ. ಅದಕ್ಕೆ ಅವಳು ಬಾಯೇ ಬುಡ್ನಿಲ್ಲ."

"ಎರಡನೇ ಸಲ?"

"ನಿನ್ನ ಮಗಳಾಗಿದ್ರೆ ನೀನು ಇಟ್ಕತಿದ್ಯಾ ತಾಯಿ ಅಂತ ಕೇಳ್ದೆ." ಸೆರಗಿನ ತುದಿಗೆ ಗಂಟು ಹಾಕಿದ್ದ ಹೂವನ್ನ ಮುಟ್ಟಿ ನೋಡ್ಕೊಂಡಳು. "ಇಟ್ಕತೀನಿ ಅಂದ್ಲು ಕಣೆ. ಅವಳೇ ಇಟ್ಕತೀನಿ ಅಂದ್ಮೇಲೆ ನಾನ್ಯಾವೋಳು ಆಚೆಗೆ ತಳ್ಳೋಕೆ."

ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ದುಃಖಕ್ಕಲ್ಲ. ಭಾನುವಾರದಿಂದ ಎದೆ ಮೇಲೆ ಹೊತ್ತುಕೊಂಡಿದ್ದನ್ನ ಇಳಿಸಿದ ಹಗುರಕ್ಕೆ. ಚನ್ನಪಟ್ಟಣ ಬರೋವರೆಗೂ ಅತ್ತೆ, ಇಳಿದ ಮೇಲೆ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದೆ. ಸಾತನೂರಿನವರಿಗೆ ಅವ್ವನೇ, ನಮ್ಮ ಹುಡುಗಿಗೆ ಋಣಾನುಬಂಧ ಇಲ್ಲ ಅಂತ ಹೇಳಿ ಕಳಿಸಿದಳು. ನೆಂಟರ ಬಾಯಿ ಮುಚ್ಚಿಸೋಕೆ ವರ್ಷಗಳೇ ಹಿಡಿದವು. ಆ ಕೆಲಸವನ್ನ ನನಗೆ ವಹಿಸಿದ್ದರು, ನನ್ನ ಬಾಯಿ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಸುಮಾ, ರೇಣು ಈಗಲೂ ಬಿಡದಿಯಲ್ಲೇ ಇದ್ದಾರೆ. ಆಸ್ಪತ್ರೆಗೆ ಸೇರಿಸಲಿ, ಬ್ಯಾಂಕಿಗೆ ಹೋಗಲಿ, ಸಂಬಂಧ ಏನು ಅಂದರೆ ಇವತ್ತಿಗೂ 'ಸ್ನೇಹಿತೆ' ಅಂತಲೇ ಹೇಳಬೇಕು. ಅದು ನನಗೆ ನೋವೇ. ಇಂಥವರ ಮದುವೆಗೆ ಕಾನೂನಿನ ಒಪ್ಪಿಗೆ ಕೊಡಿ ಅನ್ನೋ ಕೇಸು ಈಚೆಗೆ ದೊಡ್ಡ ಕೋರ್ಟಿನವರೆಗೂ ಹೋಗಿ, ಅದು ನಮ್ಮ ಕೈಲಿಲ್ಲ ಅಂತ ತೀರ್ಪಾಯ್ತಲ್ಲ, ಅವತ್ತು ನಾವೆಲ್ಲ ಅವ್ವನ ಜೊತೆ ಟೀವಿ ಮುಂದೆ ಕೂತಿದ್ದೆವು. ಅದೇ ಸಾಲು, ಅದೇ ಮಾತು, ದೇವರು ಒಪ್ಪಲ್ಲ ಅಂತ. ಸುಮಾ ಮುಖ ಸಣ್ಣಗಾಯ್ತು. ಅವ್ವನಿಗೆ ಈಗ ಕಣ್ಣು ಅಷ್ಟು ಕಾಣಲ್ಲ, ಕಿವಿ ಮಾತ್ರ ಚುರುಕು. ಪೂರ್ತಿ ಕೇಳಿಸ್ಕೊಂಡಳು. ಆಮೇಲೆ ರೇಣು ತೊಡೆ ಮೇಲೆ ಕೈಯಿಟ್ಟು ಅಂದಳು, "ಅಷ್ಟು ಜನ ದೇವ್ರು ಒಪ್ಪಲ್ಲ ಅಂತಾವ್ರಲ್ಲ, ಅವರಲ್ಲಿ ಯಾರಾದ್ರೂ ಒಬ್ರು ಓಗಿ ಕೇಳವ್ರಾ? ನಾನು ಕೇಳಿವ್ನಿ."