ಕೆಮ್ಮು ಬಿಟ್ಟ ಪೊಲೀಸ್

ನನ್ನ ಗಂಡ ಹಂಪಿಯ ಒಂದು ಗೆಸ್ಟ್ ಹೌಸಿನ ಮಾಳಿಗೆಯ ಮೇಲೆ ಶನಿವಾರ ಸಂಜೆ ಹಳೆಯ ಮೂಕಿ ಹಾಸ್ಯಚಿತ್ರಗಳನ್ನು ತೋರಿಸುತ್ತಿದ್ದರು. "ಇವು ಭಾಳ ಹಳೇವು, ಹಕ್ಕಿನ ಅವಧಿ ಮುಗದೈತಿ, ಯಾರನ್ನೂ ಕೇಳಬೇಕಾಗಿಲ್ಲ" ಎನ್ನುತ್ತಿದ್ದರು. ಆದರೆ ಈಚೆಗೆ ಯಾರೋ ಸೇರಿಸಿದ ಸಂಗೀತಕ್ಕೆ ಒಡೆಯರಿರುತ್ತಾರೆ. ಹಾಗಾಗಿ ಸೌಂಡ್ ಬಂದ್ ಮಾಡಿ ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು. ಪರದೆಯ ದಪ್ಪ ಪೊಲೀಸ್, "ಏ, ಜಲ್ದಿ ನಡಿಲೇ, ಹೊಸಪೇಟಿ ಬಸ್ಸು ಹೋಗತೈತಿ" ಎಂದರೆ ಬಾಳೆತೋಟದ ಹೆಂಗಸರ ಜೊತೆ ಭಾಷೆ ತಿಳಿಯದ ಪ್ರವಾಸಿಗಳೂ ನಗುತ್ತಿದ್ದರು.

ಮನೆಯಲ್ಲಿ ಅವರದು ಮಾತು ಕಡಿಮೆ. ಶುಕ್ರವಾರ ಮಾತ್ರ, ನಾನು ರೊಟ್ಟಿ ತಟ್ಟುವಾಗ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಮರುದಿನದ ಮಾತುಗಳನ್ನು ಆಡಿ ನೋಡುತ್ತಿದ್ದರು. ಆ ಮಾಳಿಗೆಯ ಮಂದಿಯ ಮೇಲೆ ನನಗೆ ಆಗಲೇ ಹೊಟ್ಟೆಕಿಚ್ಚು.

ಅವರು ತೀರಿಹೋದ ಮೇಲೆ ಉಳಿದದ್ದು ಒಂದೇ ವಿಡಿಯೊ. ಕಂಪ್ಲಿಯಲ್ಲಿರುವ ಅವರ ಅಕ್ಕ ಮಾಳಿಗೆಯಲ್ಲಿ ಕುಳಿತು ಫೋನಿನಲ್ಲಿ ತೆಗೆದದ್ದು. ನನಗೂ ಕಳಿಸಿದ್ದರು, ತೆರೆಯಲು ಧೈರ್ಯವಾಗಲಿಲ್ಲ. ಅಕ್ಕನೋ ದಿನವೂ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಹಾಕಿ ತೋರಿಸುತ್ತಾರಂತೆ. ಕೇಳಿ ಊಟ ಸೇರಲಿಲ್ಲ.

ವಿಡಿಯೊ ಸ್ಟುಡಿಯೊ ಇಟ್ಟಿರುವ ನಮ್ಮ ಪಕ್ಕದ ಮನೆಯವನು ಹೇಳಿದ: "ಪಿಚ್ಚರ್ ಈಗ ಎಲ್ಲಾರದೂ ಐತ್ರಿ ಅಕ್ಕಾ. ಆದ್ರ ಮ್ಯಾಲಿನ ಮಾತು ಅಣ್ಣಂದು. ಅದರ ಹಕ್ಕು ನಿಮಗ ಬರತೈತಿ ಅನಸ್ತೈತಿ."

ಆ ಮಾತು ಹಿಡಿದುಕೊಂಡು ಕಂಪ್ಲಿಗೆ ಹೋದೆ. ಕಟ್ಟೆಯ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಮಧ್ಯದಲ್ಲಿ ಫೋನು, ಅದರೊಳಗೆ ನನ್ನ ಗಂಡನ ದನಿ.

"ಅಕ್ಕಾ, ಅದನ್ನ ಅಳಿಸಿಬಿಡ್ರಿ" ಎಂದೆ. "ಆ ದನಿ ನಂದು."

ಅವರು ಮೊರ ಕೆಳಗಿಟ್ಟರು. "ಅಳಸ್ತೀನಿ ತಗೋ. ನನಗ ಎಲ್ಲಾ ಬಾಯಿಪಾಠ ಆಗೇತಿ." ಸೌಂಡ್ ಬಂದ್ ಮಾಡಿ, ಚಿತ್ರ ಮೊದಲಿನಿಂದ ಬಿಟ್ಟು, ತಾವೇ ಮಾತಾಡತೊಡಗಿದರು. ಅದೇ ಎಳೆತ, ಸಾಲಿನ ಕೊನೆಗೆ ಅದೇ ಇಳಿಕೆ. ಒಂದೇ ಮನೆಯಲ್ಲಿ ಬೆಳೆದವರ ಗಂಟಲು. ಇದನ್ನು ಯಾವ ಹಕ್ಕು ಹೇಳಿ ಕಿತ್ತುಕೊಳ್ಳಲಿ? ಇನ್ನೂ ಉರಿಯಿತು.

ಫೋನಿನ ಪರದೆಯಲ್ಲಿ ದಪ್ಪ ಪೊಲೀಸ್ ಬಂದ. ಅಕ್ಕ ನೇರ ಮಾತಿಗಿಳಿದರು.

"ಕೆಮ್ಮು ಬಿಟ್ರಿ" ಎಂದೆ. "ಪೊಲೀಸ್ ಮೊದಲು ಕೆಮ್ಮತಾನ. ನಮ್ಮ ಅಡಿಗಿಮನ್ಯಾಗ ಅವರು ಪ್ರತಿ ಸಲ ಕೆಮ್ಮತಿದ್ರು."

"ಇದರಾಗ ಕೆಮ್ಮಿಲ್ಲಲ್ಲ."

"ಅವತ್ತು ಮರತಿರಬೇಕು."

ಅಕ್ಕ ನನ್ನನ್ನೇ ನೋಡಿದರು. ಅವರ ಮುಖದಲ್ಲೂ ಹೊಟ್ಟೆಕಿಚ್ಚು ಕಂಡಿತು. "ಹಂಗಾರ ಕುಂದ್ರು, ನೀನ ಕೆಮ್ಮು" ಎಂದು ಚಿತ್ರವನ್ನು ಹಿಂದಕ್ಕೆ ಸರಿಸಿದರು.

ಕುಳಿತೆ, ಕೆಮ್ಮಿದೆ. ಪೊಲೀಸನ ಉಳಿದ ಮಾತನ್ನೂ ಅವರಿಗೆ ಬಿಟ್ಟುಕೊಡಲಿಲ್ಲ.